ದೋಷ ಕಂಡುಬಂದಿಲ್ಲ

ಏಳನೇ ಹಾಸಿಗೆಯ ಡ್ರಿಪ್ ಪಂಪು ಆ ಸೋಮವಾರಕ್ಕೆ ಮುಂಚೆ ಎರಡು ಸಲ ನನ್ನ ಮೇಜಿಗೆ ಬಂದಿತ್ತು. ಎರಡು ಸಲವೂ ಹಿಡಿಕೆಗೆ ಒಂದು ಚೀಟಿ ಕಟ್ಟಿತ್ತು: ‘ಮಧ್ಯಾಹ್ನದ ಹೊತ್ತು ತಾನಾಗಿ ನಿಲ್ಲುತ್ತದೆ. ಪರದೆಯ ಬೆಳಕು ಉರಿಯುತ್ತಿರುತ್ತದೆ. ಎಚ್ಚರಿಕೆಯ ಸದ್ದು ಬರುವುದಿಲ್ಲ.’ ಎರಡೂ ಅಕ್ಕನ ಕೈಬರಹ. ಅಕ್ಕ ಆ ಆಸ್ಪತ್ರೆಯಲ್ಲಿ ನರ್ಸು, ನಾನು ಅಲ್ಲಿನ ಯಂತ್ರಗಳ ರಿಪೇರಿಯವನು. ಎರಡು ಸಲವೂ ಪಂಪನ್ನು ಒಂದು ಗಂಟೆ ಓಡಿಸಿ ನೋಡಿ, ಪುಸ್ತಕದಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರೆದು, ಸಹಿ ಹಾಕಿ ವಾಪಸು ಕಳಿಸಿದ್ದೆ.

ಮೂರನೇ ಸಲ ಅದರ ಜೊತೆ ಚೀಟಿ ಇರಲಿಲ್ಲ. ವಿಚಾರಣೆಯ ಆದೇಶವಿತ್ತು.

ನಡೆದದ್ದು ಇಷ್ಟು. ಏಳನೇ ಹಾಸಿಗೆಯಲ್ಲಿ ಒಬ್ಬ ವಯಸ್ಸಾದ ಬಸ್ ಕಂಡಕ್ಟರು ಮಲಗಿದ್ದರು. ಅವರ ರಕ್ತದೊತ್ತಡ ಬೀಳದಂತೆ ಹಿಡಿಯುವ ಔಷಧಿ ಆ ಪಂಪಿನ ಮೂಲಕ ಹನಿಹನಿಯಾಗಿ ಹೋಗುತ್ತಿತ್ತು. ಸೋಮವಾರ ಮಧ್ಯಾಹ್ನ ವಾರ್ಡಿನ ಹದಿನಾಲ್ಕು ಹಾಸಿಗೆಗೆ ಅಕ್ಕ ಒಬ್ಬಳೇ. ಆಚೆ ಸಾಲು ಮುಗಿಸಿ ಈಚೆ ಸಾಲಿಗೆ ಬಂದಾಗ ಪರದೆಯ ಮೇಲೆ ಅಂಕಿ ಓಡುತ್ತಿತ್ತು, ಕೊಳವೆಯಲ್ಲಿ ಹನಿ ಬೀಳುತ್ತಿರಲಿಲ್ಲ. ಎಲ್ಲ ನರ್ಸುಗಳೂ ಮಾಡುವುದನ್ನೇ ಅವಳೂ ಮಾಡಿದಳು: ಡಾಕ್ಟರನ್ನು ಕರೆಯಲು ಕೂಗಿ, ಪಂಪನ್ನು ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಆನ್ ಮಾಡಿದಳು. ಪಂಪು ಓಡಿತು. ಅಷ್ಟರಲ್ಲಿ ಕಂಡಕ್ಟರ ಒತ್ತಡ ಪಾತಾಳಕ್ಕೆ ಇಳಿದಿತ್ತು. ಮಾರನೇ ದಿನ ಅವರ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು.

ಪಂಪಿನ ನೆನಪಿನಲ್ಲಿ ಉಳಿಯುವುದು ಆಫ್, ಆನ್ ಮಾತ್ರ. ಅಲ್ಲಿ ಇದ್ದದ್ದು ಎರಡೇ ಸಾಲು. ಮೂರು ನಲವತ್ತೆರಡಕ್ಕೆ ಆಫ್. ಮೂರು ನಲವತ್ತನಾಲ್ಕಕ್ಕೆ ಆನ್. ತಾನು ನಿಂತದ್ದನ್ನು ಅದು ಬರೆದುಕೊಂಡಿರಲಿಲ್ಲ. ಅಕ್ಕ ಗುಂಡಿ ಒತ್ತಿದ್ದನ್ನು ಮಾತ್ರ ಬರೆದುಕೊಂಡಿತ್ತು. ಅವಳು ಮೊದಲೇ ಹನಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಮರೆತಿದ್ದಾಳೆ, ಆಮೇಲೆ ಗಾಬರಿಯಲ್ಲಿ ಆಫ್ ಮಾಡಿ ಆನ್ ಮಾಡಿ ಮುಚ್ಚಿಹಾಕಲು ನೋಡಿದ್ದಾಳೆ ಎಂದು ಮೇಲಿನವರು ತೀರ್ಮಾನಕ್ಕೆ ಬಂದಿದ್ದರು. ಗುರುವಾರ ಹನ್ನೊಂದಕ್ಕೆ ವಿಚಾರಣೆ. ತಪ್ಪು ಸಾಬೀತಾದರೆ ನರ್ಸುಗಳ ನೋಂದಣಿ ಪಟ್ಟಿಯಿಂದ ಅವಳ ಹೆಸರು ಹೋಗುತ್ತದೆ. ಆಮೇಲೆ ಎಲ್ಲಿಯೂ ನರ್ಸಾಗಿ ಕೆಲಸ ಮಾಡುವಂತಿಲ್ಲ. ಅಷ್ಟರೊಳಗೆ ಪಂಪಿನ ವರದಿ ಕೊಡಬೇಕಾದವನು ನಾನು.

ಮಂಗಳವಾರ ಸಂಜೆ ಅಕ್ಕ ಬಚ್ಚಲಲ್ಲಿ ಕೂತು ಸಮವಸ್ತ್ರ ಒಗೆಯುತ್ತಿದ್ದಳು. ಅವಳನ್ನು ಆಗಲೇ ಕೆಲಸದಿಂದ ಹೊರಗಿಟ್ಟಿದ್ದರು. ಆದರೂ ಒಗೆಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ.

‘ನಿಜ ಹೇಳಕ್ಕ. ನಿಲ್ಲಿಸಿ ಮರೆತೆಯಾ?’

ಅವಳು ಸೋಪು ಹಚ್ಚುವುದನ್ನು ಬಿಡಲಿಲ್ಲ. ‘ನೀನೊಬ್ಬ ಕೇಳೋದು ಬಾಕಿ ಇತ್ತು. ಕೇಳ್ದೆ.’

‘ಕೇಳಬಾರದಾ?’

‘ಕೇಳು, ಯಾಕೆ ಕೇಳಬಾರದು. ಅಂಕಿ ಓಡ್ತಿತ್ತು, ಹನಿ ಬೀಳ್ತಿರಲಿಲ್ಲ. ಆಫ್ ಮಾಡಿದೆ, ಆನ್ ಮಾಡಿದೆ, ಓಡ್ತು. ಇನ್ನೇನು, ಹಾಡಿ ತೋರಿಸ್ಲಾ?’

ಅಡುಗೆಮನೆಯಿಂದ ಅಮ್ಮ ಗದರಿದಳು. ‘ಪೊಲೀಸರ ಥರ ಅವಳನ್ನ ಯಾಕೋ ಕೇಳ್ತೀಯ? ಮಷೀನು ನಿನ್ನ ಹತ್ರಾನೇ ಇದೆಯಲ್ಲ, ಅದನ್ನ ಕೇಳು.’

ಬುಧವಾರ ಬೆಳಿಗ್ಗೆ ಅದನ್ನೇ ಕೇಳಿದೆ. ಮೂರು ಗಂಟೆ ಓಡಿಸಿದೆ. ಹನಿ ಒಂದೂ ತಪ್ಪಲಿಲ್ಲ. ಮೇಜಿನ ಮೇಲೆ ಆ ಪಂಪಿನಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ.

ನಮ್ಮ ರಿಪೇರಿ ಕೋಣೆ ತಣ್ಣಗಿರುತ್ತದೆ. ಅಳತೆಯ ಉಪಕರಣಗಳು ಕೆಡಬಾರದೆಂದು ವರ್ಷವಿಡೀ ಎಸಿ ಓಡುತ್ತದೆ. ಅಲ್ಲಿ ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದು ನಿಯಮವಿದೆ: ವಾರ್ಡಿನಿಂದ ಬಂದ ಯಾವ ಯಂತ್ರವನ್ನೂ ಅದೇ ದಿನ ಬಿಚ್ಚಬಾರದು, ಪ್ಲಗ್ ತೆಗೆದು, ಮರುದಿನದವರೆಗೆ ಕಪಾಟಿನಲ್ಲಿಟ್ಟು, ಆಮೇಲೆ ಪರೀಕ್ಷಿಸಬೇಕು. ಹಿಂದಿನ ವರ್ಷ ನಮ್ಮಲ್ಲೊಬ್ಬನು ಆಗತಾನೆ ಬಂದ ಯಂತ್ರವನ್ನು ಬಿಚ್ಚಿ, ಒಳಗೆ ಉಳಿದಿದ್ದ ವಿದ್ಯುತ್ತು ಹೊಡೆದು ಗೋಡೆಗೆ ಹೋಗಿ ಬಿದ್ದಿದ್ದ. ಆಮೇಲೆ ಈ ನಿಯಮ ಬರೆದವನು ನಾನು. ಕೆಳಗೆ ನನ್ನ ಸಹಿಯಿದೆ. ನನಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಪಂಪಿನ ಹಿಂಬದಿ ಬಿಚ್ಚಿದೆ. ಮೋಟರಿಗೆ ಹೋಗುವ ದಾರಿಯಲ್ಲಿ ಅಂಗಿಯ ಗುಂಡಿಯಷ್ಟು ಒಂದು ಹಳದಿ ಬಿಲ್ಲೆ ನಿಂತಿತ್ತು. ಎರಡು ಸಲವೂ ಅದನ್ನು ನೋಡಿದ್ದೆ, ಗಣನೆಗೆ ತೆಗೆದುಕೊಂಡಿರಲಿಲ್ಲ. ಅದೂ ಒಂದು ಫ್ಯೂಸೇ. ಆದರೆ ಗಾಜಿನ ಫ್ಯೂಸಿನಂತೆ ಉರಿದು ಸಾಯುವುದಿಲ್ಲ. ಬಿಲ್ಲೆಯ ಒಳಗೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನ ತುಂಬ ಮಸಿಯ ಕಣಗಳು. ಕಣಗಳು ಒಂದಕ್ಕೊಂದು ತಾಗಿಕೊಂಡಿರುವತನಕ ವಿದ್ಯುತ್ತು ಹರಿಯುತ್ತದೆ. ಮಿತಿ ಮೀರಿ ಹರಿದರೆ ಬಿಲ್ಲೆ ಬಿಸಿಯಾಗಿ ಪ್ಲಾಸ್ಟಿಕ್ಕು ಊದಿಕೊಳ್ಳುತ್ತದೆ, ಕಣಗಳು ದೂರವಾಗುತ್ತವೆ, ದಾರಿ ಮುಚ್ಚುತ್ತದೆ. ಸೋರುವಷ್ಟು ವಿದ್ಯುತ್ತು ಉಳಿದು, ಬಿಲ್ಲೆಯನ್ನು ಬಿಸಿಯಾಗಿಯೇ ಇಡುತ್ತದೆ. ಆಫ್ ಮಾಡಿದರೆ ತಣಿಯುತ್ತದೆ, ಕುಗ್ಗುತ್ತದೆ, ದಾರಿ ಮತ್ತೆ ತೆರೆಯುತ್ತದೆ. ಗಾಜಿನ ಫ್ಯೂಸಾದರೆ ತಂತಿ ಸುಟ್ಟು ಸಾಕ್ಷಿ ಉಳಿಯುತ್ತದೆ. ಇದು ಸಾಕ್ಷಿಯನ್ನು ತಾನೇ ಒರೆಸಿಕೊಳ್ಳುತ್ತದೆ.

ಬಿಲ್ಲೆ ತಯಾರಿಸಿದವರು ಕೊಡುವ ವಿವರ ಪಟ್ಟಿಯನ್ನು ಹುಡುಕಿ ಓದಿದೆ. ತಣ್ಣನೆಯ ಕೋಣೆಯಲ್ಲಿ ಅದು ತಡೆದುಕೊಳ್ಳುವಷ್ಟನ್ನು ಬಿಸಿ ಜಾಗದಲ್ಲಿ ತಡೆದುಕೊಳ್ಳುವುದಿಲ್ಲ. ಸುತ್ತಲಿನ ಶಾಖವೇ ಅರ್ಧ ಕೆಲಸ ಮಾಡಿಕೊಟ್ಟಿರುತ್ತದೆ.

ಪಂಪನ್ನು ಎತ್ತಿಕೊಂಡು ವಾರ್ಡಿಗೆ ಹೋದೆ.

ಏಳನೇ ಹಾಸಿಗೆ ಖಾಲಿಯಿತ್ತು, ಕಂಡಕ್ಟರನ್ನು ಮೇಲಿನ ಮಹಡಿಯ ತೀವ್ರ ನಿಗಾ ಘಟಕಕ್ಕೆ ಸಾಗಿಸಿದ್ದರು. ಅದು ಪಶ್ಚಿಮದ ಕಿಟಕಿಗೆ ಅಂಟಿಕೊಂಡ ಹಾಸಿಗೆ. ಎರಡು ಗಂಟೆಯ ನಂತರ ಬಿಸಿಲು ನೇರವಾಗಿ ಡ್ರಿಪ್ಪಿನ ಕಂಬದ ಮೇಲೆ ಬೀಳುತ್ತದೆ. ಕಿಟಕಿಯ ಪರದೆ ಬಟ್ಟೆಯನ್ನು ಒಗೆಯಲು ಕೊಂಡೊಯ್ದವರು ಮತ್ತೆ ಹಾಕಿರಲಿಲ್ಲ. ಪಂಪನ್ನು ಅದರ ಜಾಗದಲ್ಲೇ ಸಿಕ್ಕಿಸಿ, ಪಕ್ಕದಲ್ಲಿ ಥರ್ಮಾಮೀಟರು ಕಟ್ಟಿ, ನೀರಿನ ಚೀಲ ತೂಗುಹಾಕಿ, ಕೊಳವೆಯ ಬಾಯಿಯನ್ನು ಬಕೆಟ್ಟಿಗೆ ಬಿಟ್ಟು ಸ್ಟೂಲಿನ ಮೇಲೆ ಕೂತೆ.

ನೆಲ ಒರೆಸುತ್ತಿದ್ದ ಆಯಾ ಬಂದು ಬಕೆಟ್ಟನ್ನು ಬಗ್ಗಿ ನೋಡಿದಳು. ‘ಏನಪ್ಪಾ, ಬಕೆಟ್ಟಿಗೆ ಏನು ಕಾಯಿಲೆ?’

‘ಗೊತ್ತಾಗಿಲ್ಲ ಅಮ್ಮ, ಅದಕ್ಕೇ ನೋಡ್ತಿದ್ದೀನಿ.’

‘ಬದುಕುತ್ತಾ?’ ಎಂದವಳು, ನನ್ನ ಮುಖ ನೋಡಿ ಮಾತು ಬದಲಿಸಿದಳು. ‘ಇದು ದಿನಾ ನಿಲ್ಲೋದೇ. ನಿಮ್ಮಕ್ಕ ಬೈಕೊಂಡು ಬೈಕೊಂಡು ಚೀಟಿ ಬರೀತಿದ್ದಳು. ಚೀಟಿ ಎಲ್ಲಿಗೆ ಹೋಗ್ತಿತ್ತೋ.’

ಎಲ್ಲಿಗೆ ಹೋಗುತ್ತಿತ್ತೆಂದು ನಾನು ಹೇಳಲಿಲ್ಲ.

ಮೂರು ಗಂಟೆಗೆ ಥರ್ಮಾಮೀಟರು ಮೂವತ್ತೊಂಬತ್ತು ತೋರಿಸಿತು. ಮೂರೂ ಇಪ್ಪತ್ತಕ್ಕೆ ಹನಿ ನಿಂತಿತು. ಯಾವ ಸದ್ದೂ ಇಲ್ಲ. ಎಚ್ಚರಿಕೆಯ ಸದ್ದು ಮಾಡುವ ಬಜರಿಗೂ ಅದೇ ಬಿಲ್ಲೆ ದಾಟಿಯೇ ವಿದ್ಯುತ್ತು ಹೋಗಬೇಕು. ಪರದೆಯ ಮೇಲೆ ಅಂಕಿ ಮಾತ್ರ ಓಡುತ್ತಿತ್ತು, ಇಷ್ಟು ಔಷಧಿ ಹೋಯಿತು, ಇನ್ನಿಷ್ಟು ಹೋಯಿತು ಎಂದು. ಮೀಟರಿನ ಕಡ್ಡಿಗಳನ್ನು ಇಟ್ಟು ನೋಡಿದೆ. ಬಿಲ್ಲೆಯ ಈಚೆ ವಿದ್ಯುತ್ತಿತ್ತು, ಆಚೆ ಇರಲಿಲ್ಲ. ಆಫ್ ಮಾಡಿದೆ. ಎರಡು ನಿಮಿಷ. ಆನ್ ಮಾಡಿದೆ. ಹನಿ ಬೀಳತೊಡಗಿತು, ಏನೂ ಆಗೇ ಇಲ್ಲ ಎಂಬಂತೆ.

ಒಳಗಿನ ಗ್ರೀಸು ಒಣಗಿ ಮೋಟರು ಸ್ವಲ್ಪ ಹೆಚ್ಚು ಎಳೆಯುತ್ತಿತ್ತು. ಬಿಸಿಲಿಗೆ ಬಿಲ್ಲೆಯ ತಾಳ್ಮೆ ಕಡಿಮೆಯಾಗುತ್ತಿತ್ತು. ಎರಡೂ ಕೂಡಿದಾಗ ನಿಲ್ಲುತ್ತಿತ್ತು. ಇನ್ನೊಂದು ಸಂಗತಿಯೂ ಆ ಪಟ್ಟಿಯಲ್ಲಿತ್ತು: ಒಂದು ಸಲ ದಾರಿ ಮುಚ್ಚಿ ತೆರೆದ ಬಿಲ್ಲೆ ಪೂರ್ತಿ ಮೊದಲಿನಂತಾಗುವುದಿಲ್ಲ, ಮುಂದಿನ ಸಲ ಇನ್ನೂ ಬೇಗ ಮುಚ್ಚುತ್ತದೆ. ಮೊದಲ ಚೀಟಿಗೇ ಬಿಲ್ಲೆ ಬದಲಾಯಿಸಿ ಗ್ರೀಸು ಹಾಕಿದ್ದರೆ ಅರ್ಧ ಗಂಟೆಯ ಕೆಲಸ. ನಾನು ಅದನ್ನು ಒಂದು ರಾತ್ರಿ ತಣಿಸಿ, ತಣ್ಣನೆಯ ಕೋಣೆಯಲ್ಲಿ ಓಡಿಸಿ, ಚೆನ್ನಾಗಿದೆ ಎಂದಿದ್ದೆ. ಎರಡು ಸಲ.

ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಬೆನ್ನ ಹಿಂದೆ ಮುಲಾಮು ಎನ್ನುತ್ತಾರೆ. ಯಾವ ಗಾಯವಾದರೂ ತೊಳೆಯದೆ ಮೇಲಿನಿಂದ ಸವರುವುದು ಅವರ ಪದ್ಧತಿ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ಬಾಗಿಲು ಹಾಕಿ ಬಂದರು.

‘ಪುಸ್ತಕದಲ್ಲಿ ನಿನ್ನ ಸಹಿ ಎಷ್ಟಿದೆ?’

‘ಎರಡು ಸರ್.’

‘ಮೂರನೇದೂ ಅದೇ ಥರ ಹಾಕು. ಮೂರೂ ಒಂದೇ ಥರ ಇದ್ರೆ ಯಾರೂ ಕಣ್ಣೆತ್ತಿ ನೋಡಲ್ಲ. ಈಗ ನೀನು ಪಂಪು ಸರಿ ಇಲ್ಲ ಅಂದ್ರೆ, ಎರಡು ಸಲ ಸರಿ ಇದೆ ಅಂದೋನು ಯಾರು ಅಂತ ಕೇಳ್ತಾರೆ.’

‘ಅಕ್ಕನ ಕತೆ?’

‘ಎಚ್ಚರಿಕೆ ಪತ್ರ ಕೊಟ್ಟು ಬಿಡ್ತಾರೆ. ನಾನು ಮಾತಾಡ್ತೀನಿ.’

‘ಪಟ್ಟಿಯಿಂದ ಹೆಸರು ತೆಗೆಯಲ್ಲ ಅಂತ ಬರೆದು ಕೊಡ್ತೀರಾ ಸರ್?’

‘ಬರೆದು ಕೊಡೋಕೆ ನಾನ್ಯಾರಯ್ಯ?’ ಎಂದು ಕನ್ನಡಕ ತೆಗೆದು ಒರೆಸಿದರು. ‘ನೋಡು, ಮನೇಲಿ ಇಬ್ಬರು ದುಡಿಯೋರು. ಒಬ್ಬರದು ಹೋದ್ರೆ ಇನ್ನೊಬ್ಬರದು ಇರುತ್ತೆ. ಇಬ್ಬರದೂ ಹೋಗೋ ಹಾಗೆ ಮಾಡ್ಕೋಬೇಡ. ಮೇಲಾಗಿ ಅವಳು ನಿನ್ನ ಅಕ್ಕ. ನೀನು ನಿಜ ಹೇಳಿದ್ರೂ ತಮ್ಮ ಹೇಳಿದ ಅಂತಾರೆ.’

ಕೂಡಲೇ ಅವರ ಮಾತನ್ನು ತಳ್ಳಿಹಾಕಿದೆ ಎಂದು ಹೇಳಲು ನನಗೆ ಇಷ್ಟ. ಆದರೆ ನಾನು ಹೋಗಿ ಮೇಜಿನ ಮುಂದೆ ಕೂತೆ, ಪುಸ್ತಕ ತೆರೆದೆ, ದಿನಾಂಕ ಬರೆದೆ, ಪಂಪಿನ ಸಂಖ್ಯೆ ಬರೆದೆ. ‘ದೋಷ’ ಎಂಬ ಪದದವರೆಗೂ ಬರೆದೆ. ಮನೆಯಲ್ಲಿ ಅಮ್ಮ ಮತ್ತು ಅಕ್ಕನ ಮಗಳು ಪುಟ್ಟಿ, ಅವಳ ಶಾಲೆ, ಎಲ್ಲ ನೆನಪಿಗೆ ಬಂತು. ಅವರೆಲ್ಲರ ನೆಪದಲ್ಲಿ ನನ್ನ ಕುರ್ಚಿಯೂ ನೆನಪಿಗೆ ಬಂತು. ಐದು ಗಂಟೆಗೆ ಪುಸ್ತಕವನ್ನು ಹಾಗೇ ಮುಚ್ಚಿ ಮನೆಗೆ ಹೋದೆ.

ಅಕ್ಕ ಬಾಗಿಲಲ್ಲೇ ಕೇಳಿದಳು. ‘ಏನಂತು ಮಷೀನು?’

‘ನಿಂತಿತು.’

ಅವಳು ಗೋಡೆಗೆ ಒರಗಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ‘ಎಷ್ಟೊತ್ತಿಗೆ?’

‘ಮೂರೂ ಇಪ್ಪತ್ತು.’

‘ಹಾಗಾದ್ರೆ ಇಪ್ಪತ್ತೆರಡು ನಿಮಿಷ,’ ಎಂದಳು. ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಅವಳು ಗುಂಡಿ ಒತ್ತಿದ್ದು ಮೂರು ನಲವತ್ತೆರಡಕ್ಕೆ. ಸೋಮವಾರವೂ ಅದೇ ಹೊತ್ತಿಗೆ ನಿಂತಿದ್ದರೆ, ಕಂಡಕ್ಟರು ಅಷ್ಟು ಹೊತ್ತು ಔಷಧಿಯಿಲ್ಲದೆ ಮಲಗಿದ್ದರು. ನಾನು ಅವಳ ಕೆಲಸದ ಯೋಚನೆಯಲ್ಲಿದ್ದೆ. ಅವಳು ಅವರ ಯೋಚನೆಯಲ್ಲಿದ್ದಳು.

ಗುರುವಾರ ಬೆಳಿಗ್ಗೆ ಪುಸ್ತಕ ತೆರೆದು ‘ದೋಷ’ದ ಮುಂದೆ ‘ಕಂಡುಬಂದಿದೆ’ ಎಂದು ಬರೆದು ಸಹಿ ಹಾಕಿದೆ. ವಿಚಾರಣೆಯ ಕೋಣೆಯಲ್ಲಿ ಮೂವರಿದ್ದರು: ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ, ಪಂಪು ಮಾರಿದ ಕಂಪನಿಯ ಇಂಜಿನಿಯರು, ನಮ್ಮ ಮುಲಾಮು. ಅಕ್ಕ ಒಂದು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅಲ್ಲಿಯೂ ಎಸಿ. ಇಂಜಿನಿಯರು ಪಂಪನ್ನು ಮೇಜಿನ ಮೇಲಿಟ್ಟು ಓಡಿಸಿ, ‘ನೋಡಿ, ಬೆಣ್ಣೆ ಥರ ಓಡ್ತಿದೆ,’ ಎಂದ.

ಮಧ್ಯಾಹ್ನ ಎಲ್ಲರೂ ವಾರ್ಡಿಗೆ ಬಂದು ನೋಡಬೇಕೆಂದು ನಾನು ಕೇಳಿದೆ. ಡಾಕ್ಟರಮ್ಮ ಗಡಿಯಾರ ನೋಡಿದರು. ‘ಮೂರು ಗಂಟೆಯ ಬಿಸಿಲು ಬರೋವರೆಗೂ ಕಾಯ್ತಾ ಕೂರೋಕೆ ನಮಗೆ ಪುರುಸೊತ್ತಿಲ್ಲ. ಇಲ್ಲೇ ಏನಾದರೂ ತೋರಿಸೋದಿದ್ರೆ ತೋರಿಸಿ. ಅಂದ ಹಾಗೆ, ಇವರು ನಿಮ್ಮ ಅಕ್ಕ ಅಲ್ವಾ?’

‘ಹೌದು ಮೇಡಂ. ಅದಕ್ಕೇ ನನ್ನ ಮಾತು ನಂಬಬೇಡಿ. ಪಂಪನ್ನ ನೋಡಿ.’

ಹಾಗಾಗಬಹುದೆಂದು ಒಂದು ರಟ್ಟಿನ ಪೆಟ್ಟಿಗೆ, ಎರಡು ಬಲ್ಬು, ಥರ್ಮಾಮೀಟರು ತಂದಿದ್ದೆ. ಪೆಟ್ಟಿಗೆಯ ಮುಂಬದಿ ಕತ್ತರಿಸಿ ಪಾರದರ್ಶಕ ಹಾಳೆ ಅಂಟಿಸಿದ್ದೆ. ಪಂಪನ್ನು ಒಳಗಿಟ್ಟು ಬಲ್ಬು ಹೊತ್ತಿಸಿದೆ. ಶಾಖ ಮೂವತ್ತೊಂಬತ್ತಕ್ಕೆ ಏರಿದಾಗ ಒಂದು ಬಲ್ಬು ಆರಿಸಿದೆ. ಅಲ್ಲಿಗೇ ನಿಲ್ಲಿಸಿ ಹಿಡಿದೆ.

ಹತ್ತು ನಿಮಿಷ ಆಯಿತು. ಹನಿ ಬೀಳುತ್ತಲೇ ಇತ್ತು.

‘ಇನ್ನು ಸ್ವಲ್ಪ ಹೊತ್ತು ಬಿಟ್ರೆ ಕೋಳಿಮರಿ ಹೊರಗೆ ಬರುತ್ತೆ,’ ಎಂದ ಇಂಜಿನಿಯರು. ಮುಲಾಮು ನಕ್ಕರು. ಡಾಕ್ಟರಮ್ಮ ನಗಲಿಲ್ಲ, ಆದರೆ ಫೋನು ತೆಗೆದರು.

ಹದಿನೈದು ನಿಮಿಷ. ಬಿಲ್ಲೆ ಇವತ್ತು ಕೈಕೊಟ್ಟರೆ, ಅಂದರೆ ಸರಿಯಾಗಿ ಕೆಲಸ ಮಾಡಿದರೆ, ಅಕ್ಕನ ಕತೆ ಮುಗಿಯಿತು. ಇನ್ನೊಂದು ಬಲ್ಬು ಹೊತ್ತಿಸಲು ಕೈ ಹೋಯಿತು. ಹೊತ್ತಿಸಿದ್ದರೆ ಖಂಡಿತ ನಿಲ್ಲುತ್ತಿತ್ತು, ಆದರೆ ಅದು ಸುಳ್ಳಾಗುತ್ತಿತ್ತು. ನಲವತ್ತು ಡಿಗ್ರಿಯವರೆಗೆ ಓಡಬೇಕೆಂದು ಕಂಪನಿಯ ಪುಸ್ತಕದಲ್ಲಿದೆ, ಅದಕ್ಕೆ ಮೇಲಿನ ಶಾಖಕ್ಕೆ ಯಾರೂ ಹೊಣೆಯಲ್ಲ. ಕೈ ಹಿಂದಕ್ಕೆ ತೆಗೆದೆ.

ಇಪ್ಪತ್ತಮೂರನೇ ನಿಮಿಷಕ್ಕೆ ಅಕ್ಕ, ‘ನಿಂತಿತು,’ ಎಂದಳು.

ಎಲ್ಲರೂ ಬಗ್ಗಿದರು. ಒಂದು ಹನಿ ಕೊಳವೆಯ ತುದಿಯಲ್ಲಿ ತೂಗಾಡುತ್ತಿತ್ತು, ಬೀಳಲಿಲ್ಲ. ಪರದೆಯ ಮೇಲೆ ಅಂಕಿ ಏರುತ್ತಿತ್ತು. ಸದ್ದಿಲ್ಲ.

ಇಂಜಿನಿಯರು ಗಂಟಲು ಸರಿಮಾಡಿಕೊಂಡ. ‘ಇದು ದೋಷ ಅಲ್ಲ ಮೇಡಂ. ಆ ಫ್ಯೂಸ್ ಇರೋದೇ ಇದಕ್ಕೆ. ಮೋಟರು ಜಾಸ್ತಿ ಎಳೀತು, ಅದು ತಡೀತು. ಇಲ್ಲದಿದ್ರೆ ಮೋಟರು ಸುಟ್ಟು ಹೋಗ್ತಿತ್ತು.’

‘ಮೋಟರು ಉಳೀತು,’ ಎಂದಳು ಅಕ್ಕ. ‘ಅವರು ಮೇಲೆ ಮಹಡೀಲಿ ಮಲಗಿದ್ದಾರೆ, ಹೋಗಿ ಹೇಳಿ ಬನ್ನಿ.’

ಆಮೇಲೆ ಡಾಕ್ಟರಮ್ಮ ರಿಪೇರಿ ಪುಸ್ತಕವನ್ನು ಮುಂದಕ್ಕೆ ಎಳೆದುಕೊಂಡರು. ‘ಎರಡು ಸಲ ದೂರು ಬಂದಿದೆ. ಎರಡು ಸಲ ದೋಷ ಕಂಡುಬಂದಿಲ್ಲ ಅಂತಿದೆ. ಇಷ್ಟು ಸುಲಭವಾಗಿ ನಿಲ್ಲೋ ಪಂಪು ನಿಮ್ಮ ಕಣ್ಣಿಗೆ ಹೇಗೆ ಬೀಳಲಿಲ್ಲ?’

‘ಬಂದ ಯಂತ್ರಾನ ಮರುದಿನದವರೆಗೂ ಆಫ್ ಮಾಡಿಡೋ ನಿಯಮ ಇದೆ ಮೇಡಂ. ಅಷ್ಟರಲ್ಲಿ ಅದು ತಣ್ಣಗಾಗಿ ಸರಿಹೋಗಿರುತ್ತೆ. ಪರೀಕ್ಷೆ ಮಾಡೋದೂ ಎಸಿ ಕೋಣೇಲಿ.’

‘ಯಾರು ಮಾಡಿದ ನಿಯಮ?’

ಮುಲಾಮು ಕಿಟಕಿಯ ಕಡೆ ನೋಡುತ್ತಿದ್ದರು.

‘ನಾನೇ,’ ಎಂದೆ.

‘ವಾರ್ಡಿಗೆ ಒಂದು ಸಲನಾದರೂ ಹೋಗಿ ನೋಡಿದ್ರಾ?’

‘ಇಲ್ಲ.’

‘ಯಾಕೆ?’

ಇದಕ್ಕೆ ಬಿಲ್ಲೆ, ಶಾಖ, ನಿಯಮ ಯಾವುದೂ ಉತ್ತರವಲ್ಲ. ಎರಡು ಮಹಡಿ ಹತ್ತಬೇಕಿತ್ತು, ಅಷ್ಟೇ. ‘ನಿಲ್ಲುತ್ತೆ ಅಂತ ನಂಬಲಿಲ್ಲ ಮೇಡಂ,’ ಎಂದೆ.

ಆಮೇಲಿನದು ಬೇಗ ಮುಗಿಯಿತು. ಅಕ್ಕನ ಮೇಲಿನ ಆರೋಪ ವಾಪಸು, ನಾಳೆಯಿಂದ ಕೆಲಸಕ್ಕೆ ಬರಬಹುದು. ಆ ಮಾದರಿಯ ಹನ್ನೊಂದು ಪಂಪುಗಳೂ ಇವತ್ತೇ ವಾರ್ಡಿನಿಂದ ಹೊರಗೆ. ಕಂಪನಿಗೆ ಪತ್ರ. ನಾನು ಆ ಕ್ಷಣದಿಂದ ಅಮಾನತು. ಮುಂದಿನ ವಿಚಾರಣೆ ನನ್ನದು. ಅದಕ್ಕೆ ನನ್ನ ಹೇಳಿಕೆಯನ್ನು ಬರೆದು, ಸಹಿ ಹಾಕಿ, ಕೊಟ್ಟೇ ಮನೆಗೆ ಹೋಗಬೇಕು. ಹೊರಗೆ ಬರುವಾಗ ಮುಲಾಮು ನನ್ನ ಭುಜ ತಟ್ಟಿದರು. ‘ಹೇಳಿದೆ ತಾನೇ,’ ಎಂದರು.

ಹೊರಗಿನ ಬೆಂಚಿನ ಮೇಲೆ ಕೂತು ಬರೆದೆ. ಅಕ್ಕ ಪಕ್ಕದಲ್ಲಿ ಕೂತಿದ್ದಳು. ಥ್ಯಾಂಕ್ಸ್ ಎನ್ನಲಿಲ್ಲ, ನಾನೂ ಕಾಯಲಿಲ್ಲ. ಮೊದಲ ಚೀಟಿ ಬಂದ ದಿನಾಂಕ, ಎರಡನೆಯದು ಬಂದ ದಿನಾಂಕ, ಎಷ್ಟು ಹೊತ್ತು ಓಡಿಸಿದೆ, ಏನನ್ನು ನೋಡಲಿಲ್ಲ, ಎಲ್ಲವನ್ನೂ ಬರೆದೆ. ಒಂದೂವರೆ ಪುಟವಾಯಿತು. ಸಹಿ ಹಾಕುವ ಮೊದಲು ಅವಳು ಕೈ ಚಾಚಿದಳು. ಕೊಟ್ಟೆ. ನಿಧಾನವಾಗಿ ಓದಿದಳು.

‘ದೂರು ಬಂದಿದ್ದು ಎರಡು ಸಲ ಅಂತ ಬರೆದಿದ್ದೀಯ.’

‘ಎರಡೇ ತಾನೇ. ಎರಡು ಚೀಟಿ.’

‘ಚೀಟಿ ಎರಡು. ಅದಕ್ಕಿಂತ ಮುಂಚೆ ಮನೇಲಿ ಹೇಳಿದ್ದೆ. ಊಟಕ್ಕೆ ಕೂತಾಗ. ಪಂಪೊಂದು ಸುಮ್ಮಸುಮ್ಮನೆ ನಿಲ್ಲುತ್ತೆ ಕಣೋ, ಬಂದು ನೋಡ್ತೀಯಾ ಅಂತ.’

ನೆನಪಾಯಿತು. ಅಮ್ಮ ಬಡಿಸುತ್ತಿದ್ದಳು. ಪುಟ್ಟಿ ಎದುರಿಗೆ ಕೂತಿದ್ದಳು.

‘ಅದು ಮನೆ ಮಾತಕ್ಕ. ಅದನ್ನ ಯಾರು ಕೇಳ್ತಾರೆ?’

‘ನೀನೇನಂದೆ ಅಂತ ನೆನಪಿದೆಯಾ?’

ನೆನಪಿತ್ತು. ‘ನಿನ್ನ ಮುಖ ನೋಡಿದ್ರೆ ನಾವೇ ನಿಂತುಬಿಡ್ತೀವಿ, ಪಂಪು ಯಾವ ಲೆಕ್ಕ’ ಎಂದಿದ್ದೆ. ಪುಟ್ಟಿ ನಕ್ಕು ನಕ್ಕು ಕೆಮ್ಮಿದ್ದಳು, ಅಮ್ಮನೂ ನಕ್ಕಿದ್ದಳು. ಅಕ್ಕ ಸುಮ್ಮನೆ ಊಟ ಮಾಡಿ ಎದ್ದು ಹೋಗಿದ್ದಳು. ಮಾರನೇ ದಿನ ಮೊದಲ ಚೀಟಿ ಬಂದಿತ್ತು.

‘ಅದನ್ನೂ ಬರಿ,’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ರೋಗಿಯ ಪಟ್ಟಿಯಲ್ಲಿ ಬಿಟ್ಟುಹೋದ ಗುಳಿಗೆಯನ್ನು ಸೇರಿಸಲು ಹೇಳುವ ದನಿ. ‘ನಾನೇನಂದೆ, ನೀನೇನಂದೆ, ಎರಡೂ. ನಾನು ಮೇಲೆ ಹೋಗಿ ಕಂಡಕ್ಟರ ಹೆಂಡತಿ ಹತ್ರ ಮಾತಾಡಿ ಬರ್ತೀನಿ.’

ಅವಳು ಮೆಟ್ಟಿಲು ಹತ್ತಿ ಹೋದಳು. ನಾನು ಹೊಸ ಹಾಳೆ ತೆಗೆದುಕೊಂಡು ಮೊದಲಿನಿಂದ ಶುರುಮಾಡಿದೆ. ಆ ಮಾತನ್ನು ಅಂದ ಹಾಗೇ ಬರೆದೆ. ಕೆಳಗೆ ಸಹಿ ಹಾಕಿ ಕಚೇರಿಯ ಗುಮಾಸ್ತನಿಗೆ ಕೊಟ್ಟೆ. ಅವನು ನಿಂತಲ್ಲೇ ಓದಿದ. ಆ ಸಾಲಿಗೆ ಬಂದಾಗ ಅವನ ತುಟಿಯ ತುದಿ ಸ್ವಲ್ಪ ಅರಳಿತು. ಆಮೇಲೆ ಮುಂದಿನ ಸಾಲು ಓದಿದ: ಮಾರನೇ ದಿನ ಮೊದಲ ಚೀಟಿ ಬಂತು.